ಕುಕ್ಕರ್ ಪಾತ್ರೆಯೊಳಗಿನ ಕ್ಯಾಮೆರಾ

ದಾವಣಗೆರೆಯ ವಿದ್ಯಾನಗರದಲ್ಲಿ ಸ್ಟುಡಿಯೋ ಇಟ್ಟಿದ್ದ ಉಜ್ಜನಪ್ಪನಿಗೆ ಇದ್ದದ್ದು ಒಂದೇ ಕ್ಯಾಮೆರಾ. ಮದುವೆ, ನಾಮಕರಣ, ಹಾಸ್ಟೆಲ್ ಹುಡುಗರ ಪಾಸ್‌ಪೋರ್ಟ್ ಫೋಟೋ, ಎಲ್ಲಕ್ಕೂ ಅದೇ. ಮನೆಯ ಅನ್ನವೂ ಅದೇ. ಅಂಥದ್ದನ್ನು ತುಂಗಭದ್ರೆಯಲ್ಲಿ ಮುಳುಗಿಸಲು ಹೊರಟವನಿಗೆ ಹೆಂಡತಿ ಕಸ್ತೂರಮ್ಮ ಉಗಿದದ್ದು ತಪ್ಪೇನಲ್ಲ.

"ಇರೋದೊಂದ್ ಕ್ಯಾಮೆರಾ. ಅದು ಹೋದ್ರೆ ನಾವೂ ಹೊಳಿಗೆ ಹಾರೋದೇನ್ರಿ?"

"ಸುಮ್ನಿರು. ಒಂದ್ ಹನಿ ನೀರು ಹೋಗದಂಗೆ ಮಾಡ್ತೀನಿ."

೧೯೯೮ರ ಕೊನೆ. ಹರಿಹರದ ಕಾರ್ಖಾನೆಯೊಂದರ ಪಂಪ್‌ಹೌಸ್ ಕಂಬ ನೀರಿನಡಿ ಬಿರುಕು ಬಿಟ್ಟಿದೆಯೆಂಬ ಅನುಮಾನಕ್ಕೆ ಫೋಟೋ ಬೇಕಿತ್ತು. "ನಿಮ್ಮಂಥೋರು ಇಲ್ಲೇ ಇರುವಾಗ ಮುಂಬೈಯವ್ರು ಯಾಕ್ರಿ?" ಎಂದಿದ್ದರು ಅಲ್ಲಿನ ಇಂಜಿನಿಯರ್ ಕೊಟ್ಟೂರೇಶ್. ಹೊಗಳಿದರೆ ಸಾಕು, ಉಜ್ಜನಪ್ಪ ಉಬ್ಬಿಬಿಡುತ್ತಿದ್ದ.

ಹಳೆಯ ಕುಕ್ಕರ್ ಪಾತ್ರೆಯಲ್ಲಿ ಕ್ಯಾಮೆರಾ ಕೂರಿಸಿ, ಬಾಯಿಗೆ ರಬ್ಬರಿನ ಗ್ಯಾಸ್ಕೆಟ್ ಇಟ್ಟು, ಮೇಲೆ ದಪ್ಪ ಗಾಜನ್ನು ತಿರುಪು ಹಾಕಿ ಬಿಗಿದ. ಫ್ಲಾಷ್ ಉಪ್ಪಿನಕಾಯಿ ಬಾಟಲಿಗೆ ಹೋಯಿತು. ಮೊದಲು ಖಾಲಿ ಪಾತ್ರೆಯೊಳಗೆ ಕಾಗದ ಹಾಸಿ, ಕುಂಕುಮ ಉದುರಿಸಿ, ಮನೆಯ ತೊಟ್ಟಿಯಲ್ಲಿ ಮುಳುಗಿಸಿದ. ಹನಿ ನುಗ್ಗಿದರೂ ಕೆಂಪು ಹರಡಿ ಗುಟ್ಟು ರಟ್ಟಾಗಬೇಕು. ಐದು ಸಲ ಹರಡಿತು. ಆರನೆಯ ಸಲ ಇಲ್ಲ. ಆಮೇಲೆ ಕೊಂಡಜ್ಜಿ ಕೆರೆ. ಫ್ಲಾಷ್ ಕ್ಯಾಮೆರಾದ ಮಗ್ಗುಲಲ್ಲೇ ಇದ್ದುದರಿಂದ ನೀರಿನ ಕಸವೆಲ್ಲ ಹೊಳೆದು, ಫೋಟೋ ತುಂಬ ಮಂಡಕ್ಕಿ ಚೆಲ್ಲಿದಂತೆ ಬಂತು. ಫ್ಲಾಷನ್ನು ಮೊಳದುದ್ದದ ಪಟ್ಟಿಗೆ ಕಟ್ಟಿ ಓರೆ ಮಾಡಿದ ಮೇಲೆ, ಅಬ್ಬಾ, ತೂಬಿನ ಕಲ್ಲಿನ ಮೇಲಿನ ಉಳಿಯ ಗುರುತೂ ಕಂಡಿತು. ಆ ಫೋಟೋವನ್ನು ಕಸ್ತೂರಮ್ಮನೇ ಅಕ್ಕಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದಳು.

ಹರಿಹರದಲ್ಲಿ ಮುಳುಗು ಹಾಕಲು ಮೀನು ಹಿಡಿಯುವ ಕಾಟಪ್ಪ ಸಿದ್ಧನಾಗಿದ್ದ. ಉಜ್ಜನಪ್ಪ ಗ್ಯಾಸ್ಕೆಟ್ ಒರೆಸಿ ಗಾಜು ಬಿಗಿದದ್ದೂ ಆಗಿತ್ತು. ಆಗ ಬಂದರು ನೋಡಿ, ಪೂಜೆಯ ತಟ್ಟೆ ಹಿಡಿದು, ಕಾರ್ಖಾನೆಯ ಕಂಟ್ರಾಕ್ಟರ್ ಬಕ್ಕೇಶ್. ಕಾಯಿ ಒಡೆದರು, ವಿಭೂತಿ ಬಳಿದರು. ಅಷ್ಟಕ್ಕೇ ಬಿಟ್ಟರೆ? ದೇವರ ಹೂವು ಒಳಗೂ ಇರಬೇಕೆಂದು ಗಾಜು ಬಿಚ್ಚಿಸಿ, ಸೇವಂತಿಗೆಯ ನಾಲ್ಕು ಎಸಳು ಹಾಕಿ, ತಾವೇ ತಿರುಪು ಬಿಗಿದರು.

"ಒಂದ್ಸಲ ಬಿಚ್ಚಿ ನೋಡ್ತೀನ್ರಿ," ಎಂದ ಉಜ್ಜನಪ್ಪ.

"ಪೂಜೆ ಆದ್ಮ್ಯಾಲೆ ಬಿಚ್ಚಬಾರದ್ರಿ. ದೇವ್ರ ಮ್ಯಾಲೆ ನಂಬಿಕೆ ಇಲ್ಲೇನು?"

ಪೂಜೆಗೆ ನೆರೆದ ಅಷ್ಟು ಜನರ ಮುಂದೆ ಇಲ್ಲವೆನ್ನಲಾದೀತೆ? ಪುಣ್ಯಾತ್ಮ ಪಾತ್ರೆಯನ್ನು ಹಾಗೇ ಕಾಟಪ್ಪನ ಕೈಗಿತ್ತ.

ಕಾಟಪ್ಪ ಮೇಲೆ ಬಂದಾಗ ಪಾತ್ರೆಯ ತುಂಬ ಹೊಳೆಯ ನೀರು. ಎಸಳೊಂದು ಗ್ಯಾಸ್ಕೆಟ್ಟಿನಡಿ ಸಿಕ್ಕಿ ನಜ್ಜುಗುಜ್ಜಾಗಿತ್ತು. ಕ್ಯಾಮೆರಾ ಎತ್ತಿ ಹಿಡಿದರೆ ಒಳಗಿಂದ ಕೆಸರು ಸುರಿಯಿತು. ಉಜ್ಜನಪ್ಪ ಆ ಎಸಳನ್ನು ಬಿಡಿಸಿ ಕೈಗೆ ತೆಗೆದುಕೊಂಡ.

ಅಷ್ಟರಲ್ಲಿ ಜೀಪಿನಿಂದಿಳಿದ ಕೊಟ್ಟೂರೇಶ್, "ಯಾಕ್ರಿ, ಏನಾತು?" ಎಂದರು. ಬಕ್ಕೇಶ್ ಹೊಳೆಯ ಕಡೆ ತಿರುಗಿ ನಿಂತಿದ್ದರು.

ದೇವರ ಹೂವಿನಿಂದ ಹಾಳಾಯಿತೆನ್ನುವ ಎದೆ ಉಜ್ಜನಪ್ಪನಿಗಿರಲಿಲ್ಲ. ಎಸಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ನಂದೇ ತಪ್ಪು ಸರ್. ಗ್ಯಾಸ್ಕೆಟ್ ಹಳೇದಿತ್ತು."

"ಅಲ್ರೀ, ಬರೋಕ್ ಮುಂಚೆ ಒಂದ್ಸಲನಾದ್ರೂ ನೀರಾಗ ಅದ್ದಿ ನೋಡಬಾರದೇನ್ರಿ?"

"ನೋಡ್ಬೇಕಿತ್ತು ಸರ್," ಎಂದ ಉಜ್ಜನಪ್ಪ.