ಅತ್ತೆಯ ಬಾಯಲ್ಲಿ ಉಳಿದ ಒಂದೇ ಮಾತು

ನಮ್ಮ ಅತ್ತೆ ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದು, ಹಿತ್ತಿಲಲ್ಲಿ ಬಂಗುಡೆ ಶುಚಿ ಮಾಡಲು ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಬೆಕ್ಕನ್ನು ಓಡಿಸಲು ಬಗ್ಗಿದ್ದಾರೆ ಎಂದುಕೊಂಡು ನಾನು ಒಲೆಯ ಮುಂದಿನಿಂದ ಏಳಲಿಲ್ಲ. ಬೆಕ್ಕು ಮೀನು ಕಚ್ಚಿಕೊಂಡು ಓಡಿದ ಮೇಲೂ ಅವರು ಬೈಯದೆ ಇದ್ದಾಗ ಮಾತ್ರ ಗಾಬರಿಯಾಯಿತು.

ಹೊಸ ಶತಮಾನಕ್ಕೆ ಇನ್ನೂ ಸ್ವಲ್ಪ ಸಮಯ ಇತ್ತು. ಗಂಡ ಕುವೈತಿನಲ್ಲಿ, ಶಿರ್ವದ ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯವರ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಜೀವ ಉಳಿಯಿತು. ಪಾರ್ಶ್ವವಾಯುವಿನಿಂದ ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದು ಪದ ಬಿಟ್ಟು: ನಾಕಾ. ನಮ್ಮ ಕೊಂಕಣಿಯಲ್ಲಿ 'ಬೇಡ' ಎಂದು ಅದರ ಅರ್ಥ.

ಇಡೀ ವಾರ್ಡಿನಲ್ಲಿ ಸಾವು ನೋವು ಎಲ್ಲಿ ಆದರೂ ಮೊದಲು ಹೋಗಿ ಕೂರುತ್ತಿದ್ದವರು ಅತ್ತೆ. ಹೋಗಿ ಹೇಳುತ್ತಿದ್ದದ್ದು ಒಂದೇ: ದೇವರ ಚಿತ್ತ, ತಲೆಬಾಗಬೇಕು. ನನ್ನ ಮಗು ಹೊಟ್ಟೆಯಲ್ಲಿಯೇ ಸತ್ತು ಹುಟ್ಟಿದಾಗಲೂ ಮಂಚದ ಪಕ್ಕ ಕುಳಿತು ಅದನ್ನೇ ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಮೇಲೆ ಆ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈಗ ಅದೇ ಬಾಯಿ ಎಲ್ಲದಕ್ಕೂ ನಾಕಾ ಎನ್ನತೊಡಗಿತು. ಗಂಜಿ ಕೊಡಲಾ ಎಂದರೆ ನಾಕಾ. ಸರಿ ಎಂದು ಬಟ್ಟಲು ತೆಗೆದರೆ ಕಣ್ಣಲ್ಲಿ ನೀರು. ಮತ್ತೆ ಹಿಡಿದರೆ ನಾಕಾ ನಾಕಾ ಎನ್ನುತ್ತಲೇ ಪೂರ್ತಿ ಕುಡಿಯುತ್ತಿದ್ದರು. ಮಾತಿನ ಚಿಕಿತ್ಸೆಗೆಂದು ಮಣಿಪಾಲಕ್ಕೆ ಹೋಗುತ್ತಿದ್ದಾಗ ಅಲ್ಲಿನ ಹುಡುಗಿ ವಿವರಿಸಿದಳು: "ಆಂಟಿ, ಅವರಿಗೆ ಹೇಳಬೇಕಾದ್ದು ತುಂಬ ಉಂಟು. ಬಾಯಿಗೆ ಸಿಗುವುದು ಅದೊಂದೇ. ಅದು ಹೌದೂ ಆಗಬಹುದು, ಬೇಡವೂ ಆಗಬಹುದು."

"ನನಗೆ ಗೊತ್ತಾಗುವುದು ಹೇಗೆ?"

"ಮುಖ ನೋಡಿ."

ಹಗಲಿಡೀ ಮುಖ ನೋಡುತ್ತಾ ಕುಳಿತರೆ ಬಟ್ಟೆ ಒಗೆಯುವವರು ಯಾರು ಎಂದು ಕೇಳಬೇಕೆನಿಸಿತು.

ಗಂಡ ಶುಕ್ರವಾರ ಫೋನ್ ಮಾಡುತ್ತಿದ್ದರು. "ಎಲ್ಲ ದೇವರಿಗೆ ಒಪ್ಪಿಸು" ಎನ್ನುತ್ತಿದ್ದರು.

"ಒಪ್ಪಿಸಿಯಾಯಿತು. ಬೆಡ್‌ಪ್ಯಾನ್ ಮಾತ್ರ ನನ್ನ ಕೈಯಲ್ಲೇ ಉಂಟು" ಎಂದೆ ಒಮ್ಮೆ.

ಕಾಪುವಿನಿಂದ ನಾದಿನಿ ಬಂದರೆ ಬಾಗಿಲಲ್ಲೇ ಸಲಹೆ ಶುರು. ಕಾರ್ಕಳದ ಚರ್ಚಿನ ಸಂತರಿಗೆ ಹರಕೆ ಹೇಳಿಕೊಂಡಿದ್ದೀಯಾ? ನಂಬಿಕೆ ಕಡಿಮೆಯಾದರೆ ಹೀಗೆಯೇ. ಅಮ್ಮನ ಬೆನ್ನಿಗೆ ಯಾವ ಪೌಡರು ಹಾಕುತ್ತೀ? ಸಂಜೆಯ ಬಸ್ಸಿಗೆ ಅವಳು ಹೊರಟಾಗ ನಾನು ನಿಜವಾಗಿಯೂ ದೇವರನ್ನು ಸ್ತುತಿಸುತ್ತಿದ್ದೆ.

ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತರುತ್ತಿದ್ದವರು ಒಬ್ಬರು ಎಳೆಯ ಪಾದ್ರಿ. ಮೊದಲ ಸಲ ಪ್ರಸಾದ ಎತ್ತಿ ಹಿಡಿದಾಗ ಅತ್ತೆ ಗಟ್ಟಿಯಾಗಿ "ನಾಕಾ" ಎಂದರು. ಪಾದ್ರಿಯ ಕೈ ಅರ್ಧದಲ್ಲೇ ನಿಂತಿತು.

"ಕೊಡಿ ಫಾದರ್. ಅದು ಆಮೆನ್ ಅಂತ ಲೆಕ್ಕ" ಎಂದೆ.

ಕೊಟ್ಟರು. ಆಮೇಲೆ ಚಹಾ ಕುಡಿಯುತ್ತಾ, ಕಷ್ಟವನ್ನು ದೇವರ ಚಿತ್ತವೆಂದು ಸ್ವೀಕರಿಸಬೇಕು ಎಂದು ನನಗೆ ಸಮಾಧಾನ ಹೇಳತೊಡಗಿದರು. ಆ ಬೆಳಿಗ್ಗೆ ನಾನು ಹಾಸಿಗೆ ಎರಡು ಸಲ ಬದಲಾಯಿಸಿದ್ದೆ.

"ಸ್ವೀಕರಿಸುವುದು ಅಂದರೆ ಎಂತ ಫಾದರ್? ದೇವರು ಮಾಡಿದ್ದು ಸರಿ ಅಂತ ಹೇಳಬೇಕಾ? ನನಗೆ ಹಾಗೆ ಅನಿಸುವುದೇ ಇಲ್ಲ. ಬಾಯಲ್ಲಿ ಹೇಳಿದರೆ ಸುಳ್ಳಾಗುತ್ತದೆ."

ಅವರು ಕಪ್ಪನ್ನು ಕೆಳಗಿಟ್ಟರು. "ನನ್ನ ಅಮ್ಮ ಹಾಸಿಗೆ ಹಿಡಿದಾಗ ನಾನು ಸೆಮಿನರಿಯಲ್ಲಿದ್ದೆ. ತುಂಬ ದಿನ ಪ್ರಾರ್ಥನೆಯೇ ಮಾಡಲಿಲ್ಲ. ಚಾಪೆಲಿನಲ್ಲಿ ಸುಮ್ಮನೆ ಕೂರುತ್ತಿದ್ದೆ, ಸಿಟ್ಟಿನಲ್ಲಿ."

"ಮತ್ತೆ?"

"ಮತ್ತೆ ಎಂತ ಇಲ್ಲ. ಎದ್ದು ಹೋಗಲಿಲ್ಲ, ಅಷ್ಟೇ."

ಮೊದಲ ಸಲ ಒಬ್ಬರು ನನಗೆ ಉಪಯೋಗಕ್ಕೆ ಬರುವ ಮಾತು ಹೇಳಿದ್ದರು. ಹೇಳಿ ಅವರೇ ನಾಚಿಕೊಂಡರು.

ಸಂಜೆ ಜಪಸರ ಹೇಳುವಾಗ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯನ್ನು ನಾನು ಶುರು ಮಾಡಿದರೆ ಅತ್ತೆ ಜೊತೆಗೇ ಹೇಳುತ್ತಿದ್ದರು, ಒಂದು ಪದವೂ ತಪ್ಪದೆ. ನಿನ್ನ ಚಿತ್ತ ನೆರವೇರಲಿ ಎಂಬ ಕಡೆಯೂ ತಡವರಿಕೆ ಇಲ್ಲ. ಚಿಕ್ಕಂದಿನಿಂದ ಬಾಯಿಪಾಠವಾದದ್ದು ಹಾಗೆ ಹೊರಗೆ ಬರುತ್ತದಂತೆ. ಪ್ರಾರ್ಥನೆ ಮುಗಿದು "ನೀರು ಬೇಕಾ?" ಎಂದರೆ ತಿರುಗಿ ನಾಕಾ. ದೇವರ ಜೊತೆ ಮಾತಾಡಲು ಬಾಯಿ ಉಂಟು, ಹಗಲಿಡೀ ಚಾಕರಿ ಮಾಡುವ ಸೊಸೆಗೆ ಒಂದು ಹೌದು ಇಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಒಂದು ಮಧ್ಯಾಹ್ನ ಆ ಉರಿ ಹೊರಗೆ ಬಂತು. ಹೊಸ ಬಟ್ಟೆ ಹಾಸಿ ತಿರುಗುವಷ್ಟರಲ್ಲಿ ಅವರು ಅದನ್ನೂ ಒದ್ದೆ ಮಾಡಿದ್ದರು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

"ನನ್ನ ಮಗು ಹೋದ ದಿನ ನೀವು ಎಂತ ಹೇಳಿದ್ದು, ನೆನಪುಂಟಾ?" ಎಂದು ಕೇಳಿದೆ. "ದೇವರ ಚಿತ್ತ ಅಂದಿರಿ. ಮಗುವಿನ ಮುಖ ನೋಡಬೇಕಾ ಅಂತ ಒಬ್ಬರೂ ನನ್ನನ್ನು ಕೇಳಲಿಲ್ಲ. ಬಟ್ಟೆ ಸುತ್ತಿ ತೆಗೆದುಕೊಂಡು ಹೋದಿರಿ."

ಅತ್ತೆ ನನ್ನನ್ನೇ ನೋಡಿದರು. ಎಡಗೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡರು. "ನಾಕಾ" ಎಂದರು. ಮತ್ತೆ ಮತ್ತೆ ಅಂದರು. ಮುಖ ಒಂದೇ ಕಡೆ ಅಳುತ್ತಿತ್ತು, ಇನ್ನೊಂದು ಕಡೆ ಅಲುಗಲಿಲ್ಲ. ಹೇಳಬೇಡ ಎಂದರೋ, ಹಾಗೆ ಆಗಬಾರದಿತ್ತು ಎಂದರೋ, ನೆನಪುಂಟು ಎಂದರೋ ನನಗೆ ಇಂದಿಗೂ ಗೊತ್ತಿಲ್ಲ. ಒದ್ದೆ ಹಾಸಿಗೆಯ ಪಕ್ಕ ನಾವಿಬ್ಬರೂ ಅತ್ತೆವು. ಆಮೇಲೆ ಎದ್ದು ಬಟ್ಟೆ ಬದಲಾಯಿಸಿದೆ.

ಆ ವರ್ಷ ಶುಭ ಶುಕ್ರವಾರದ ವಾಚನ ಕೇಳುತ್ತಾ ನಿಂತಿದ್ದಾಗ ನನಗೆ ಯೇಸು ಶಿಲುಬೆಗೇರುವ ಹಿಂದಿನ ರಾತ್ರಿ ಪ್ರಾರ್ಥಿಸಿದ ತೋಟ ನೆನಪಾಯಿತು. ಅಲ್ಲಿ ಯೇಸು ಕೂಡ ಮೊದಲು ಹೇಳಿದ್ದು ಬೇಡ ಎಂದೇ. ಈ ಸಂಕಟದ ಪಾತ್ರೆ ತೆಗೆದುಬಿಡು ಎಂದು ಬೇಡಿಕೊಂಡ ಮೇಲಷ್ಟೇ ನಿನ್ನ ಚಿತ್ತ ಎಂದದ್ದು. ಎಷ್ಟು ವರ್ಷ ಕೇಳಿದ್ದೆ. ನಮ್ಮ ಜನ ಮೊದಲಿನ ಅರ್ಧವನ್ನು ನುಂಗಿ ಎರಡನೆಯದನ್ನು ಮಾತ್ರ ಹಂಚುತ್ತಾ ಬಂದಿದ್ದಾರೆ ಎಂದು ರೇಗಿತು. ಅಂದಿನಿಂದ ನಾನು ಪ್ರಾರ್ಥನೆಯಲ್ಲಿ ಸಿಟ್ಟನ್ನು ಮುಚ್ಚಿಡುವುದು ಬಿಟ್ಟೆ. ನನಗೆ ಇದು ಬೇಡ, ಸಾಕಾಗಿದೆ ಎಂದು ಮೊದಲು ಹೇಳುತ್ತಿದ್ದೆ. ಹೇಳಿಯಾದ ಮೇಲೆ ಆ ದಿನದ ಮಟ್ಟಿಗೆ ಒಪ್ಪಿಸುತ್ತಿದ್ದೆ. ಮರುದಿನ ಪುನಃ ಅದೇ ಜಗಳ.

ಕೊನೆಗೆ ನಾದಿನಿಯ ಹಟವೇ ಗೆದ್ದಿತು. ಓಮ್ನಿ ಗಾಡಿ ಮಾಡಿಸಿ ಅತ್ತೆಯನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದೆವು. ಸಂತರ ಪ್ರತಿಮೆಯ ಮುಂದೆ ನಾದಿನಿ ತಾಯಿಯ ಬಾಯಿಯನ್ನೇ ನೋಡುತ್ತಾ ಮೊಣಕಾಲೂರಿದಳು. ಏನೂ ಆಗಲಿಲ್ಲ. ಬರುವಾಗ ಬೆಳ್ಮಣ್‌ನಲ್ಲಿ ಟಯರು ಪಂಕ್ಚರ್.

"ಎಂತ ಪರೀಕ್ಷೆ ಇದು" ಎಂದಳು ನಾದಿನಿ.

"ಟಯರು ಹಳತು ಮಾರಾಯ್ತಿ" ಎಂದೆ.

ಅವಳಿಗೆ ಒಮ್ಮೆಗೇ ನಗು ಬಂತು. ನಗುತ್ತಾ ನಗುತ್ತಾ ಅತ್ತಳು. "ಅಮ್ಮ ನನ್ನನ್ನು ಒಮ್ಮೆ ಹೆಸರು ಹಿಡಿದು ಕರೆದರೆ ಸಾಕಿತ್ತು" ಎಂದಳು. ಅವಳ ಸಲಹೆಗಳ ಕೆಳಗೆ ಇದ್ದದ್ದು ಇದು ಎಂದು ನನಗೆ ಆಗ ತಿಳಿಯಿತು. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೂ ಅಂದು ಬಸ್ಸಿಗೆ ಕಳಿಸದೆ ಮನೆಯಲ್ಲಿಯೇ ಉಳಿಸಿಕೊಂಡೆ.

ಅತ್ತೆ ಇನ್ನೂ ಎರಡು ಮಳೆಗಾಲ ಇದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿದು, ಮುಖ ಒರೆಸಿಸಿಕೊಂಡು ನಿದ್ದೆ ಹೋದವರು ಏಳಲಿಲ್ಲ. ಗಂಡ ಬಂದರು, ಮಣ್ಣಾಯಿತು, ನೆಂಟರು ಹೋದರು. ಮರುದಿನ, ದಿನಾ ಬೆಳಗಿನ ಜಾವ ಅವರನ್ನು ಮಗ್ಗುಲು ತಿರುಗಿಸುತ್ತಿದ್ದ ಹೊತ್ತಿಗೆ ನನಗೆ ತಾನಾಗಿಯೇ ಎಚ್ಚರವಾಯಿತು. ಖಾಲಿ ಮಂಚದ ತುದಿಯಲ್ಲಿ ಕುಳಿತೆ. ಅವರಿಲ್ಲದ ಮನೆ ನನಗೆ ಬೇಡವಾಗಿತ್ತು. ಹಾಗೆಂದು ದೇವರಿಗೆ ಹೇಳಿದೆ. ನಂತರ ಪರಲೋಕ ಪ್ರಾರ್ಥನೆಯನ್ನು ಅವಸರವಿಲ್ಲದೆ, ಒಬ್ಬಳೇ, ಕೊನೆಯವರೆಗೆ ಹೇಳಿದೆ.