ಬೆಳ್ಳಿ ವಿಮಾನಕ್ಕೆ ಹರಿಸಿದ ಕಪ್ಪು

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದೆ ಗಾಡಿಗಳ ನಂಬರ್ ಪ್ಲೇಟ್ ಬರೆಯುವ ಬುಡನಸಾಬನಿಗೆ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಪುಟ್ಟ ವಿಮಾನ ಮಾಡುವ ಹುಚ್ಚು. ಜೋಡಿಸುವುದಕ್ಕಿಂತ ಆಮೇಲಿನ ಕೆಲಸವೇ ಅವನಿಗೆ ಇಷ್ಟ. ವಿಮಾನದ ಮೈಯಲ್ಲಿ ತಗಡಿಗೆ ತಗಡು ಕೂಡುವ ಕಡೆ ಕೂದಲೆಳೆಯಂಥ ಗೀರುಗಳಿರುತ್ತವೆ. ತೆಳ್ಳಗೆ ಕಲಸಿದ ಕಪ್ಪು ಬಣ್ಣವನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಅದು ತಾನೇ ಗೀರಿನುದ್ದಕ್ಕೂ ಹರಿಯುತ್ತದೆ. ಹೊರಗೆ ಉಳಿದದ್ದನ್ನು ಹತ್ತಿಯಿಂದ ಒರೆಸಿದರೆ ಒಂದೊಂದು ತಗಡೂ ಎದ್ದು ಕಾಣುತ್ತದೆ.

ಮೇಡ್ಲೇರಿಯ ಶಿಕ್ಷಕಿ ಸುರೇಖಾ ಇದನ್ನು ಅಂಗಡಿಯಲ್ಲಿ ನೋಡಿ, ತನ್ನ ತಂದೆ ತಿರಕಪ್ಪನವರಿಗೆ ಎಪ್ಪತ್ತೈದು ತುಂಬುವ ದಿನಕ್ಕೆ ಒಂದು ಮಾಡಿಕೊಡಲು ಕೇಳಿದಳು. ಅವರು ವಾಯುಪಡೆಯಲ್ಲಿ ಹದಿನೆಂಟು ವರ್ಷ ವಿಮಾನ ರಿಪೇರಿ ಮಾಡಿದವರು. ಅವರು ನೋಡಿಕೊಳ್ಳುತ್ತಿದ್ದ ವಿಮಾನದ ಹಳೆಯ ಫೋಟೋವನ್ನೂ ಕೊಟ್ಟಳು.

"ಇದರಾಗ ಹೆಂಗೈತಿ ಹಂಗ ಇರಲ್ರಿ, ಅಣ್ಣಾರ."

ಬುಡನಸಾಬ ಫೋಟೋವನ್ನು ಡಬ್ಬಿಯಲ್ಲಿಟ್ಟವನು ಮತ್ತೆ ತೆಗೆಯಲಿಲ್ಲ. ಮೊಬೈಲಿನ ವಿಡಿಯೋಗಳಲ್ಲಿ ಕಂಡಂತೆ ಗೀರುಗಳಿಗೆಲ್ಲ ದಟ್ಟ ಕಪ್ಪು ಹರಿಸಿದ. ಹೊಟ್ಟೆಯಡಿ ಎಣ್ಣೆ ಸೋರಿದ ಕಲೆ ಎಳೆದ.

ಹುಟ್ಟುಹಬ್ಬದ ದಿನ ತಿರಕಪ್ಪನವರ ಮನೆಯಲ್ಲಿ ನೆಂಟರ ಮುಂದೆ ವಿಮಾನ ಎತ್ತಿ ಹಿಡಿದು ಹೇಳಿದ: "ಫೋಟೋ ಮುಂದಿಟ್ಕೊಂಡು ಒಂದೊಂದು ಗೆರಿ ತುಂಬೇನ್ರಿ. ಎಣ್ಣಿ ಸೋರಿದ್ದೂ ಐತಿ ನೋಡ್ರಿ."

ತಿರಕಪ್ಪನವರು ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. ಹೆಗಲ ಮೇಲಿನ ಟವೆಲ್ಲಿನಿಂದ ಹೊಟ್ಟೆಯಡಿಯ ಕಲೆಯನ್ನು ಎರಡು ಸಲ ಒರೆಸಿದರು. ಅದು ಹೋಗಲಿಲ್ಲ.

"ಇಷ್ಟು ಎಣ್ಣಿ ಸೋರಿದ್ರ ಹಾರಾಕ ನಾ ಸಹಿ ಮಾಡ್ತಿದ್ದಿಲ್ಲ, ತಮ್ಮಾ," ಎಂದರು ಮೆಲ್ಲಗೆ. "ನಾ ಸಹಿ ಮಾಡಿದ ಮ್ಯಾಲ ಅದರಾಗ ಒಬ್ಬ ಮನಷ್ಯಾ ಕುಂದರ್ತಿದ್ದ."

ಬುಡನಸಾಬನ ಕಿವಿ ಬಿಸಿಯಾಯಿತು. ತಿನ್ನಲು ಕೊಟ್ಟ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟ. ಸರಿ ಮಾಡಿ ತರುತ್ತೇನೆಂದು ವಿಮಾನ ತೆಗೆದುಕೊಂಡು ಬಂದು, ಅಂಗಡಿಯಲ್ಲಿ ಆ ಫೋಟೋ ನೋಡಿದ. ಬಿಸಿಲಿಗೆ ಹೊಳೆಯುವ ಬೆಳ್ಳಿ ಮೈ, ಒಂದು ಕಲೆಯಿಲ್ಲ. ರೆಕ್ಕೆಯಡಿ ಬಟ್ಟೆ ಹಿಡಿದು ನಿಂತ ತರುಣ ತಿರಕಪ್ಪ. ಅವರು ದಿನಾ ಒರೆಸಿ ಇಟ್ಟದ್ದನ್ನು ಹೊಲಸು ಮಾಡಿ, ಅವರ ಮನೆಯವರಿಗೇ ತೋರಿಸಿ ಬಂದಿದ್ದ.

ಎರಡು ವಾರ ಮೇಡ್ಲೇರಿ ಬಸ್ಸು ಹತ್ತಲು ಕಾಲೇಳಲಿಲ್ಲ. ಸುರೇಖಾಳ ಫೋನ್ ಎತ್ತಲಿಲ್ಲ. ಕೊನೆಗೊಂದು ಭಾನುವಾರ ವಿಮಾನ, ಬಣ್ಣ ಹಿಡಿದು ಹೋಗಿ ತಿರಕಪ್ಪನವರ ಮುಂದೆ ನಿಂತ.

"ನಾ ಸುಳ್ಳ ಹೇಳಿದ್ನಿರಿ. ಫೋಟೋ ನೋಡಿದ್ದಿಲ್ಲ."

"ಗೊತ್ತಾಗಿತ್ತು. ಕುಂದ್ರು."

ಟರ್ಪೆಂಟೈನಿನಲ್ಲಿ ಅದ್ದಿದ ಹತ್ತಿಯಿಂದ ಇಬ್ಬರೂ ಕಪ್ಪು ತೆಗೆದರು. ಯಾವ ಮುಚ್ಚಳವನ್ನು ದಿನಾ ಬಿಚ್ಚುತ್ತಿದ್ದರು, ಯಾವುದನ್ನು ಆರು ತಿಂಗಳಿಗೊಮ್ಮೆ ಎಂದು ತಿರಕಪ್ಪನವರು ಬೆರಳಿಟ್ಟು ತೋರಿಸಿದರು. ದಿನಾ ಬಿಚ್ಚುವ ಕಡೆ ತುಸು ಗಾಢ ಬೂದು, ಉಳಿದೆಡೆ ಕಂಡೂ ಕಾಣದ ಬೂದು ಹರಿಸಿದ ಬುಡನಸಾಬ.

"ಈಗ ಆತು," ಎಂದು ತಿರಕಪ್ಪನವರು ವಿಮಾನವನ್ನು ಟಿವಿ ಪಕ್ಕದಲ್ಲಿಟ್ಟರು.

ಊಟಕ್ಕೆ ಏಳಿ ಎಂದಳು ಸುರೇಖಾ. ಅವಳ ಮುಖ ನೋಡಲಾಗದೆ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೇಳಿ ಹೊರಟುಬಿಟ್ಟ. ಭಾನುವಾರ ಅಂಗಡಿ ಮುಚ್ಚಿರುತ್ತದೆಂದು ಬಾಗಿಲ ಮೇಲೆ ಅವನೇ ಬರೆದಿದ್ದ. ಸುರೇಖಾ ಅದನ್ನು ಓದಿರದೆ ಇರಲಾರಳು ಎಂಬುದು ಬಸ್ಸು ಹೊರಟ ಮೇಲೆ ಹೊಳೆಯಿತು.