ಹಾವಸೆಬೈಲಿನ ಸಪಾಟು ದಾರಿ

ಹೊಸನಗರದಿಂದ ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ಖಾಸಗಿ ಬಸ್ಸೊಂದಕ್ಕೆ ಮಂಜುನಾಥಪ್ಪ ಬಹಳ ವರ್ಷ ಡ್ರೈವರಾಗಿದ್ದ. ಮಳೆಗಾಲದಲ್ಲಿ ಮಂಜು ಕವಿದು ಬಸ್ಸಿನ ಮೂತಿಯೇ ಕಾಣದಂತಾದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯಂಚಿನ ಹುಲ್ಲು ನೋಡಿಕೊಂಡೇ ಗಾಡಿ ಇಳಿಸುತ್ತಿದ್ದ. ಜೊತೆಯ ಡ್ರೈವರುಗಳು ಒಬ್ಬೊಬ್ಬರಾಗಿ ಮಾಲೀಕರನ್ನು ಕಾಡಿ ಬೇಡಿ ಶಿಕಾರಿಪುರದ ಕಡೆಯ ರೂಟು ಹಾಕಿಸಿಕೊಂಡರು. ಇವನು ಕೇಳಲಿಲ್ಲ. ನೇರ ರಸ್ತೆಯಲ್ಲಿ ಓಡಿಸಿದರೆ ತನಗೆ ನಿದ್ದೆ ಬರುತ್ತದೆ ಎನ್ನುತ್ತಿದ್ದ.

ಅವನ ಕಣ್ಣು ಒಮ್ಮೆಲೇ ಹೋಗಲಿಲ್ಲ. ಮೊದಲು ಪಕ್ಕದ ನೋಟ ಕುಗ್ಗಿತು. ಕನ್ನಡಿ ನೋಡಲು ಕತ್ತು ಪೂರ್ತಿ ತಿರುಗಿಸಬೇಕಾಯಿತು. ಒಂದು ಮಧ್ಯಾಹ್ನ ಮಾಸ್ತಿಕಟ್ಟೆಯ ಹತ್ತಿರ ಎಡಗಡೆಯಿಂದ ರಸ್ತೆಗಿಳಿದ ದನವೊಂದು ಅವನಿಗೆ ಕಾಣಲೇ ಇಲ್ಲ. ಕಂಡಕ್ಟರ್ ಕೂಗಿಕೊಂಡಿದ್ದರಿಂದ ಬ್ರೇಕು ಬಿತ್ತು, ದನ ಉಳಿಯಿತು. ಆ ಸಂಜೆಯೇ ಮಾಲೀಕರ ಕೈಗೆ ಕೀಲಿ ಕೊಟ್ಟು ಮನೆಗೆ ನಡೆದ. ಶಿವಮೊಗ್ಗದ ಡಾಕ್ಟರು ಗ್ಲಾಕೋಮಾ ಎಂದರು. ಹೋದದ್ದು ಮರಳಿ ಬಾರದು, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎಂದು ದಿನವೂ ಹಾಕುವ ಔಷಧಿ ಬರೆದುಕೊಟ್ಟರು. ಉಳಿದದ್ದೂ ಉಳಿಯಲಿಲ್ಲ. ಅರವತ್ತು ತುಂಬುವ ಹೊತ್ತಿಗೆ ಬೆಳಕು ಯಾವ ಕಡೆ, ಕತ್ತಲೆ ಯಾವ ಕಡೆ ಎಂದು ತಿಳಿಯುವಷ್ಟೇ ಕಣ್ಣು ಅವನದಾಗಿತ್ತು.

ಮನೆ ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಗಂಡ ಹೆಂಡತಿ ಇಬ್ಬರೇ. ಮಗಳು ಭವ್ಯಾ ಸಾಗರದ ಶಾಲೆಯೊಂದರಲ್ಲಿ ಟೀಚರು, ಅಲ್ಲೇ ಗಂಡನ ಮನೆ. ಬೆಳಗಿನ ಬಸ್ಸು ಸ್ಟಾರ್ಟಾಗುವ ಸದ್ದು ಮನೆಯೊಳಗೆ ಕೇಳುತ್ತಿತ್ತು. ಕಣ್ಣು ಹೋದ ಹೊಸತರಲ್ಲಿ ಅವನು ಗೋಡೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಡ್ರೈವರುಗಳ ಜೊತೆ ಚಾ ಕುಡಿದು ಬರುತ್ತಿದ್ದ. ಒಂದು ದಿನ ಯಾರೋ ಓಣಿಯಲ್ಲಿ ಬೈಕು ನಿಲ್ಲಿಸಿದ್ದರು. ಅದನ್ನು ಬಳಸಿ ಹೋಗುವಾಗ ಚರಂಡಿಗೆ ಬಿದ್ದು ಮೊಣಕೈ ಮುರಿದುಕೊಂಡ. ಅಲ್ಲಿಗೆ ಚಾ ನಿಂತಿತು.

ಕೈ ಕೂಡಿದ ಮೇಲೆ, ಹೆಂಡತಿ ಯಮುನಮ್ಮ ಹಾಲಿಗೆ ಹೋದ ಹೊತ್ತಿನಲ್ಲಿ, ಅಂಗಳದ ಬಿಸಿಲಿಗೆ ನಿಲ್ಲೋಣವೆಂದು ಅವನು ಬಾಗಿಲು ಎಳೆದ. ಬರಲಿಲ್ಲ. ಮಳೆಗೆ ಉಬ್ಬಿರಬೇಕು ಎಂದುಕೊಂಡು ಜೋರಾಗಿ ಎಳೆದ. ಹೊರಗಡೆ ಚಿಲಕ ಕಟಕಟ ಎಂದಿತು. ಅಂದರೆ ಇವಳು ಹೊರಗಿನಿಂದ ಹಾಕಿಕೊಂಡು ಹೋಗುತ್ತಾಳೆ. ಇವತ್ತು ಮಾತ್ರವೋ, ಇಷ್ಟು ದಿನವೂ ಹೀಗೆಯೋ? ಬಾಗಿಲಿಗೆ ಅಂಗೈ ಒತ್ತಿಕೊಂಡು ಸುಮ್ಮನೆ ನಿಂತ. ಓಣಿಯಲ್ಲಿ ಹೆಂಡತಿಯ ಚಪ್ಪಲಿಯ ಸದ್ದು ಕೇಳಿದಾಗ ಬೇಗ ಬೇಗ ಹಿಂದೆ ಸರಿದು ಕುರ್ಚಿಯಲ್ಲಿ ಕೂತ. ಅವಳು ಒಳಗೆ ಬಂದು ಚಾ ಮಾಡಿ ಕೊಟ್ಟಳು. ಇವನು ಕುಡಿದ. ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದಿನಿಂದ ಅವಳು ಹೊರಗೆ ಹೊರಟಾಗಲೆಲ್ಲ ಅವನ ಕಿವಿ ಆ ಚಿಲಕದ ಮೇಲೇ ಇರುತ್ತಿತ್ತು. ಅವಳು ಸದ್ದಾಗದಂತೆ ಮೆಲ್ಲಗೆ ಹಾಕುತ್ತಿದ್ದಳು. ಆ ಮೆಲ್ಲಗೆ ಎನ್ನುವುದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

ಹಾವಸೆಬೈಲಿನ ಸುದ್ದಿ ತಂದವಳು ಭವ್ಯಾ. ಹಿನ್ನೀರಿನ ಅಂಚಿನ ಆ ಜೌಗು ಬಯಲನ್ನು ಪಕ್ಷಿಧಾಮ ಮಾಡಿ, ವಯಸ್ಸಾದವರೂ ನಡೆಯಬಹುದಾದ ದಾರಿಗಳನ್ನು ಹಾಕಿದ್ದರು. ಕೆಂಪು ಜಲ್ಲಿಮಣ್ಣು ಗಟ್ಟಿಸಿ ಮಾಡಿದ ಚಿಕ್ಕ ಸುತ್ತೊಂದು, ಅದರ ಪಕ್ಕಕ್ಕೆ ಕಂಬ ನೆಟ್ಟು ಕಟ್ಟಿದ ದಪ್ಪ ಹಗ್ಗ. ಜೊಂಡಿನ ನಡುವೆ ಹಲಗೆ ಹಾಸಿದ ದಾರಿ ಇನ್ನೊಂದು. ಹಳೇ ಕೆರೆಯ ಏರಿಯ ಮೇಲೆ, ದೂರದ ವೀಕ್ಷಣಾ ಗೋಪುರದವರೆಗೆ ಹೋಗುವುದು ಮೂರನೆಯದು. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಭವ್ಯಾ ಆ ಹಗ್ಗ ಕಂಡದ್ದೇ ಅಪ್ಪನನ್ನು ನೆನೆಸಿದ್ದಳು. ಮುಂದಿನ ಭಾನುವಾರ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಬಂದಳು.

ಮೊದಲ ದಿನ ಮಂಜುನಾಥಪ್ಪನಿಗೆ ಬಹಳ ಸಂತೋಷವಾಯಿತು. ಮಲೆನಾಡಿನಲ್ಲಿ ಮೆಟ್ಟಿಲಿಲ್ಲದ, ಏರಿಳಿತವಿಲ್ಲದ, ಬೇರು ಎಡವದ ನೆಲ ಸಿಗುವುದೇ ಕಷ್ಟ. ಹಗ್ಗದ ಮೇಲೆ ಎಡಗೈ ಇಟ್ಟುಕೊಂಡು ನಡೆದರೆ ಕಾಲು ತಾನಾಗಿ ಮುಂದೆ ಹೋಗುತ್ತಿತ್ತು. ನೀರಿನ ಮೇಲಿನಿಂದ ಬರುವ ಗಾಳಿ, ಎಲ್ಲೋ ಜೊಂಡಿನೊಳಗೆ ಜಂಬುಕೋಳಿಗಳ ಜಗಳ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಗಂಡ ಹೆಂಡತಿ ಬಸ್ಸಿನಲ್ಲಿ ಬರತೊಡಗಿದರು. ಅಲ್ಲಿಯ ವಾಚರ್ ನಿಂಗಪ್ಪ ಇವನ ಬಸ್ಸಿನಲ್ಲಿ ಓಡಾಡಿದವನು. ಅವನು ಗೇಟಿನ ಹತ್ತಿರ ಬೆಂಚು ಒರೆಸಿ ಕೂರಿಸುತ್ತಿದ್ದ.

ಆದರೆ ಬರಬರುತ್ತ ಆ ಸಂತೋಷವೂ ಹಳಸಿತು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಹೆಂಡತಿ. ಅವಳು ಅವನ ರಟ್ಟೆಯನ್ನು ಬಿಡುತ್ತಲೇ ಇರಲಿಲ್ಲ. ಕಲ್ಲು ಎಂದಳು, ಮಣ್ಣು ಎಂದಳು, ನಿಧಾನ ಎಂದಳು. ಇಲ್ಲಿಗೂ ಚಿಲಕ ಬಂತಲ್ಲ ಎಂದು ಅವನಿಗೆ ಅನಿಸಿತು. ಮಳೆ ಕಳೆದು ದಾರಿ ಮತ್ತೆ ತೆರೆದ ಮೊದಲ ವಾರ, ಗೇಟಿನಲ್ಲಿ ಅವಳ ಕೈ ಬಿಡಿಸಿಕೊಂಡ. ಹೇಗೂ ಹಗ್ಗವಿದೆ, ಒಂದು ಸುತ್ತು ಒಬ್ಬನೇ ಹೋಗಿ ಬರುತ್ತೇನೆ, ನೀನು ಬೆಂಚಿನ ಮೇಲೆ ಕೂತಿರು ಎಂದ. ಅವಳು ವಾದಿಸುತ್ತಾಳೆ ಎಂದುಕೊಂಡಿದ್ದ. ಅವಳು ಹೋಗಿ ಬನ್ನಿ ಎಂದಳು.

ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಹಗ್ಗ ಸಡಿಲಾಯಿತು, ಕೆಳಕ್ಕೆ ಇಳಿಯಿತು, ನೆಲದಲ್ಲಿ ಬಿದ್ದುಕೊಂಡಿತು. ಮಳೆಗೆ ಮೆತ್ತಗಾದ ಕಂಬಗಳನ್ನು ಕಿತ್ತು ಹೊಸದು ನೆಡುವ ಕೆಲಸ ನಡೆದಿತ್ತು. ಅದು ಇವನಿಗೆ ತಿಳಿದಿರಲಿಲ್ಲ. ಮುಂದಿನ ಕಂಬ ಸಿಗುತ್ತದೆ ಎಂದು ಕೈ ಚಾಚಿ ಕೆಲವು ಹೆಜ್ಜೆ ಇಟ್ಟ. ಸಿಗಲಿಲ್ಲ. ಹಿಂದಕ್ಕೆ ಹೋಗೋಣ ಎಂದು ತಿರುಗಿದ. ಎಷ್ಟು ತಿರುಗಿದೆ ಎಂಬುದೇ ಗೊತ್ತಾಗಲಿಲ್ಲ.

ಘಾಟಿಯಲ್ಲಾದರೆ ನೆಲವೇ ಮಾತಾಡುತ್ತದೆ. ಕಾಲು ಕೆಳಗೆ ಜಾರಿದರೆ ಕಣಿವೆ ಇತ್ತ, ಮೈ ಹಿಂದಕ್ಕೆ ವಾಲಿದರೆ ಗುಡ್ಡ ಅತ್ತ. ಇಲ್ಲಿ ಎಲ್ಲ ಕಡೆಯೂ ಒಂದೇ. ಮೋಡದ ದಿನವಾದ್ದರಿಂದ ಬೆಳಕೂ ಎಲ್ಲ ಕಡೆ ಒಂದೇ ಆಗಿತ್ತು. ಜೀವಮಾನದಲ್ಲಿ ಎಂದೂ ದಾರಿ ತಪ್ಪದವನು, ಮಕ್ಕಳು ಮುದುಕರು ಆರಾಮಾಗಿ ಓಡಾಡುವ ಬಯಲಿನಲ್ಲಿ ಎತ್ತ ಮುಖ ಮಾಡಿದ್ದೇನೆ ಎಂದು ತಿಳಿಯದೆ ನಿಂತ. ಕೂಗಬಹುದಿತ್ತು. ಕೂಗಿದರೆ, ಇನ್ನು ಮೇಲೆ ಒಬ್ಬನೇ ನಡೆಯುವ ಮಾತೇ ಮುಗಿಯಿತು. ಅದಕ್ಕೆ ಕೂಗದೆ ಒಂದು ಕಡೆ ಧೈರ್ಯ ಮಾಡಿ ನಡೆದ. ಗಟ್ಟಿ ಮಣ್ಣು ಮುಗಿದು ಹುಲ್ಲು ಸಿಕ್ಕಿತು, ಹುಲ್ಲಿನ ಕೆಳಗೆ ಕೆಸರು. ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಅದನ್ನೆಳೆಯಲು ಎಡಗಾಲು ಊರಿದ, ಅದೂ ಇಳಿಯಿತು. ಎಳೆದಷ್ಟೂ ಕೆಸರು ಹಿಡಿದುಕೊಂಡಿತು.

ಆಗ ಕೂಗಿದ. ‘ಯಮುನಾ’ ಎಂದ. ಗೇಟು ದೂರವೇನಿಲ್ಲ, ಕೇಳಿಸಬೇಕಿತ್ತು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಕೂಗಿದ. ಕಡೆಗೆ ಗಂಟಲಲ್ಲಿ ಬಂದದ್ದು ಅವನ ದನಿಯೇ ಅಲ್ಲವೆನ್ನುವಂತಿತ್ತು. ಹಕ್ಕಿಗಳೆಲ್ಲ ಒಮ್ಮೆಗೇ ಹಾರಿ ಹೋದವು, ಅವುಗಳ ರೆಕ್ಕೆಯ ಸದ್ದು ದೂರವಾಯಿತು. ಆಮೇಲೆ ಏನೂ ಇಲ್ಲ. ಬಂದು ಎಳೆದವನು ನಿಂಗಪ್ಪ. ಒಂದು ಹಲಗೆ ತಂದು ಹಾಕಿ, ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿ, ಬೆಂಚಿಗೆ ಕರೆತಂದು ಕಾಲು ತೊಳೆದ. ಚಪ್ಪಲಿ ಎರಡೂ ಕೆಸರಲ್ಲೇ ಉಳಿದವು. ಬೆಂಚಿನ ಮೇಲೆ ಹೆಂಡತಿ ಇರಲಿಲ್ಲ.

ಯಮುನಮ್ಮ ಬಂದಾಗ ಏದುಸಿರು ಬಿಡುತ್ತಿದ್ದಳು.

‘ಎಲ್ಲಿ ಹೋಗಿದ್ದೆ?’ ಎಂದ.

‘ಏರಿ ಮೇಲೆ. ಗೋಪುರದ ತನಕ ಹೋಗಿದ್ದೆ, ಒಬ್ಳೇ.’

‘ನಾನಿಲ್ಲಿ ಸಾಯ್ತಾ ಇದ್ರೆ ನಿಂಗೆ ಗೋಪುರ ಬೇಕಾಯ್ತಾ?’

ಅವಳು ಅವನ ಪಂಚೆ ಹಿಂಡಿದಳು, ನಿಂಗಪ್ಪ ಕೊಟ್ಟ ಹಳೇ ಚಪ್ಪಲಿ ತೊಡಿಸಿದಳು. ಬಸ್ಸಿನಲ್ಲಿ ಕೂತ ಮೇಲೆ, ಇವನು ಮತ್ತೆ ಅದನ್ನೇ ಎತ್ತಿದಾಗ, ಅವಳು ದನಿ ಏರಿಸದೆ ಮಾತಾಡಿದಳು.

‘ನೀವು ಒಂದು ದಿನ ಬಾಗ್ಲು ಎಳೆದು ನೋಡಿದ್ದು ನಂಗೆ ಗೊತ್ತಿದೆ. ಚಿಲಕ ಅಲುಗಿ ಅರ್ಧಕ್ಕೆ ಬಂದಿತ್ತು. ಕೇಳ್ತೀರಿ, ಬೈತೀರಿ ಅಂತ ಕಾದೆ. ನೀವು ಕೇಳ್ಲಿಲ್ಲ. ಹಾಲಿಗೆ ಹೋದ್ರೂ ಓಡಿ ಹೋಗಿ ಓಡಿ ಬರ್ತೀನಿ ನಾನು. ತೀರ್ಥಹಳ್ಳಿಲಿ ತಂಗಿ ಮನೆ ಕಟ್ಟಿ ಎರಡು ವರ್ಷ ಆಯ್ತು, ಬಾಗ್ಲು ಯಾವ ದಿಕ್ಕಿಗಿದೆ ಅಂತ ನೋಡಿಲ್ಲ. ಬಾಗ್ಲ ಒಳಗಿದ್ದೋರಿಗೆ ಮಾತ್ರ ಚಿಲಕ ಅಂತ ತಿಳ್ಕೊಂಡ್ರಾ?’

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮತ್ತೆ ಹೇಳಿದಳು: ‘ಇವತ್ತು ನೀವು ಕೈ ಬಿಡಿಸ್ಕೊಂಡ್ರಲ್ಲ, ನಂಗೆ ಕೈ ಹಗುರಾಯ್ತು. ಕಾಲು ತಾನಾಗೇ ಹೋಯ್ತು. ನೀವು ಕೂಗಿದ್ದು ನಂಗೆ ಕೇಳ್ಲಿಲ್ಲ. ಕೇಳಿದ್ರೆ ಬರ್ತಿದ್ದೆ.’

ಅವನು ಎದುರು ಸೀಟಿನ ಕಬ್ಬಿಣದ ಸರಳು ಹಿಡಿದುಕೊಂಡು ಕೂತ. ಬಸ್ಸು ತಿರುವು ತೆಗೆದುಕೊಳ್ಳುವಾಗಲೆಲ್ಲ ಅವಳ ಹೆಗಲು ತಾಗುತ್ತಿತ್ತು.

ವಿಷಯ ತಿಳಿದ ಭವ್ಯಾ ಫೋನಿನಲ್ಲಿ ಅತ್ತಳು, ಇನ್ನು ಹಾವಸೆಬೈಲು ಬೇಡವೇ ಬೇಡ ಎಂದಳು. ಮಂಜುನಾಥಪ್ಪ ಹೂಂ ಎಂದ. ಒಂದೆರಡು ವಾರ ಕಳೆದ ಮೇಲೆ ಊಟದ ಹೊತ್ತಿನಲ್ಲಿ ಹೆಂಡತಿಗೆ, ತಂಗಿಯ ಮನೆಗೆ ಹೋಗಿ ಬಾ ಎಂದ. ‘ಚಿಲಕ ಹಾಕ್ಬೇಡ. ನಾ ಎಲ್ಲಿಗೂ ಹೋಗಲ್ಲ’ ಎಂದ. ಪಕ್ಕದ ಮನೆಯ ಕುಮುದಾಗೆ ಹೇಳಿ, ಅನ್ನ ಸಾರು ಕೈಗೆ ಸಿಗುವಲ್ಲಿಟ್ಟು, ಅವಳು ಬೆಳಗಿನ ಬಸ್ಸು ಹತ್ತಿದಳು.

ಅಂದು ಬಾಗಿಲು ತೆರೆದೇ ಇತ್ತು. ಅಂಗಳಕ್ಕೆ ಇಳಿದ, ಬಿಸಿಲಿಗೆ ನಿಂತ. ಓಣಿಯ ಗೋಡೆ ಎಲ್ಲಿದೆ ಎಂಬುದು ಅವನ ಕೈಗೆ ಇನ್ನೂ ನೆನಪಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಾರ್ನು ಹೊಡೆದು ಜನರನ್ನು ಕರೆಯುತ್ತಿದ್ದರು. ಆದರೆ ಕಾಲು ಮುಂದೆ ಬರಲಿಲ್ಲ. ಮಾತು ಕೊಟ್ಟದ್ದಕ್ಕಲ್ಲ, ಭಯಕ್ಕೆ. ನೆಲ ಮತ್ತೆ ಮೆತ್ತಗಾಗಿ ಕಾಲು ಇಳಿದುಬಿಡುತ್ತದೆ ಎಂಬ ಭಯ. ಇಷ್ಟು ದಿನ ಬಾಗಿಲ ಮೇಲೆ ಹಾಕಿದ್ದ ಸಿಟ್ಟನ್ನು ಇನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಒಳಗೆ ಹೋಗಿ ಕೂತ. ಸಂಜೆ ಯಮುನಮ್ಮ ಬಂದು ತಂಗಿಯ ಮನೆಯ ಜಗುಲಿ, ಅಡಿಗೆಮನೆ, ಬಾವಿ ಎಲ್ಲವನ್ನೂ ವರ್ಣಿಸಿದಳು. ಅವಳ ದನಿ ಅಷ್ಟು ಏರಿದ್ದನ್ನು ಅವನು ಬಹಳ ದಿನದಿಂದ ಕೇಳಿರಲಿಲ್ಲ. ನೀವು ಹೊರಗೆ ಹೋಗಿದ್ರಾ ಎಂದು ಅವಳು ಕೇಳಲಿಲ್ಲ.

ಚಳಿಗಾಲ ಬಂದಾಗ ಮಗಳನ್ನು ಒಪ್ಪಿಸಿ ಮತ್ತೆ ಹಾವಸೆಬೈಲಿಗೆ ಹೋಗತೊಡಗಿದರು. ಹೊಸ ಕಂಬಗಳು ನಿಂತಿವೆ, ಹಗ್ಗ ಬಿಗಿಯಾಗಿದೆ. ಆದರೂ ಅವನು ಪೂರ್ತಿ ಸುತ್ತು ಹೋಗುವುದಿಲ್ಲ. ಅರ್ಧದಲ್ಲಿ ನಿಂಗಪ್ಪ ಹಾಕಿಸಿದ ಕಲ್ಲುಬೆಂಚಿದೆ, ಅಲ್ಲಿಯವರೆಗೆ ಹೆಂಡತಿ ಕೈ ಹಿಡಿದು ಕರೆತರುತ್ತಾಳೆ. ಅಲ್ಲಿ ಅವನನ್ನು ಕೂರಿಸಿ ಅವಳು ಏರಿಯ ದಾರಿ ಹಿಡಿಯುತ್ತಾಳೆ. ಅವಳ ಹೆಜ್ಜೆ ಕೇಳಿಸುವಷ್ಟು ಹೊತ್ತು ಅವನು ಆರಾಮಾಗಿರುತ್ತಾನೆ. ಆಮೇಲೆ ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಗಾಳಿ ಬಂದು ಹೋಗುತ್ತದೆ, ಜೊಂಡು ಸರಸರ ಎನ್ನುತ್ತದೆ, ಯಾರ್ಯಾರೋ ಮಾತಾಡಿಕೊಂಡು ಎದುರಿಗೇ ದಾಟುತ್ತಾರೆ. ಹೆಂಡತಿ ಎಷ್ಟು ದೂರ ಹೋದಳೋ, ಎಷ್ಟು ತಡವಾಗುತ್ತದೋ ತಿಳಿಯುವುದಿಲ್ಲ. ಅವಳ ಹೆಸರು ನಾಲಿಗೆಯ ತುದಿಗೆ ಬರುತ್ತದೆ. ಆದರೆ ಅವನು ಕೂಗುವುದಿಲ್ಲ. ಅವಳು ಗೋಪುರ ಮುಟ್ಟಿ ತಿರುಗುವವರೆಗೆ ಹಾಗೆಯೇ ಕೂತಿರುತ್ತಾನೆ.